ಇಬ್ರು ಪರೀಕ್ಷೆ

"ಇವತ್ತು ಇಬ್ರು ಪರೀಕ್ಷೆ ಕಣಪ್ಪ. ಕಾಲು ಮುರುದ್ರೆ ತೆವ್ಳ್ಕಂಡಾದ್ರೂ ಓಯ್ತೀನಿ," ಅಂದವಳೇ ಚಿನ್ನು ಹೊಸಿಲು ದಾಟಿದಳು. ಅಪ್ಪ ಚಿಕ್ಕಸ್ವಾಮಿ ಹಾಲಿನ ಕ್ಯಾನು ಕೆಳಗಿಟ್ಟು ಹಿಂದೆ ಓಡುವಷ್ಟರಲ್ಲಿ ಶ್ರೀರಂಗಪಟ್ಟಣದ ಬಸ್ಸು ಬೆಳಗೊಳದ ತಿರುವು ದಾಟಿಯಾಗಿತ್ತು.

ಇಬ್ಬರ ಪರೀಕ್ಷೆಯಂತೆ! ಹೆತ್ತವನ ಮುಖಕ್ಕೇ ಹೇಳಿ ಹೋದಳಲ್ಲ, ಎಂಥ ಗುಂಡಿಗೆ.

ಇವಳಿಗಾಗಿ ಊರನ್ನೇ ಎದುರು ಹಾಕಿಕೊಂಡಿದ್ದವನು ಚಿಕ್ಕಸ್ವಾಮಿ. ಚಿನ್ನು ಓದುತ್ತಿದ್ದ ಕಾಲೇಜಿನ ಆವರಣದಲ್ಲೇ ಒಂದು ಕ್ರೈಸ್ತ ಅಧ್ಯಯನ ಕೇಂದ್ರವಿತ್ತು. ಬಿ.ಎ. ಜೊತೆಗೆ ಅಲ್ಲಿ ಬೈಬಲ್ ಕೋರ್ಸುಗಳನ್ನೂ ಓದಬಹುದು, ಯಾವ ಜಾತಿಯವರಾದರೂ ಸರಿ. ಚಿನ್ನು ಸೇರಿದ ಸುದ್ದಿ ಬಂದ ದಿನ ಅರಳಿಕಟ್ಟೆಯ ಮಂದಿಯೆಲ್ಲ ಚಿಕ್ಕಸ್ವಾಮಿಯನ್ನು ಮುತ್ತಿಕೊಂಡರು. ಹುಡುಗಿಯ ಜಾತಿ ಕೆಟ್ಟಿತು ಅಂದರು. "ಪುಸ್ತಕ ಓದುದ್ರೆ ಕೆಡೋ ಜಾತಿ ಇದ್ರೆಷ್ಟು ಓದ್ರೆಷ್ಟು ಓಗ್ರುಲಾ," ಎಂದು ಎಲ್ಲರ ಬಾಯಿ ಮುಚ್ಚಿಸಿ, ಟವೆಲು ಕೊಡವಿ ಎದ್ದು ಬಂದಿದ್ದ.

ಆ ಹೆಮ್ಮೆಗೆ ಮಣ್ಣು ಬಿದ್ದದ್ದು ಮೊನ್ನೆ ಸಂಜೆ. ಹೆಂಡತಿ ಮಾಯಮ್ಮ ಕೊಟ್ಟಿಗೆಯಿಂದ ಬಂದು ಪಿಸುಗುಟ್ಟಿದಳು. "ಆಲು ಕರೀತಾ ಇದ್ದೆ. ಚಿನ್ನು ಇತ್ಲಲ್ಲಿ ಗೆಳ್ತಿ ತಾವ ಏಳ್ತಿದ್ಲು, ಪರೀಕ್ಷೆ ಮುಗೀಲಿ, ಆಮೇಲೆ ಇಬ್ರು ಇಸ್ಯ ಅಪ್ಪಂಗೆ ಏಳ್ತೀನಿ ಅಂತ. ಅವುಳ್ ಜೊತೆಗೆ ಯಾವನೋ ಒಬ್ಬ ಅವ್ನೆ ಕನ!"

ಕಾಲೇಜಿನಲ್ಲಿ ಹೇಗೋ ಏನೋ, ಮನೆಯೊಳಗೆ ಚಿನ್ನುವಿನದು ಬೆಳಗೊಳದ ಮಾತೇ. ಸುತ್ತಿ ಬಳಸಿ ಆಡುವುದು ಅಪ್ಪನಿಗೂ ಬಾರದು, ಮಗಳಿಗೂ ಬಾರದು. ಅವನು ನೇರವಾಗಿ ಕೇಳಿಬಿಟ್ಟ.

"ಇಬ್ರು ಇಸ್ಯ ಏನವ್ವ?"

ಚಿನ್ನು ಬೆಚ್ಚಿದಳು. "ಗೊತ್ತಾಗೋಯ್ತಾ?"

"ಯಾವಾಗಿಂದ?"

"ದಸರಾ ಆದಾಗ್ನಿಂದ."

"ಬೈಬಲ್ಲು ಓದ್ಕೋ ಅಂದೆ. ಇದ್ಯಾಕ್ ಬೇಕಿತ್ತು?"

"ಅದ್ರಿಂದ್ಲೇ ಇದು ಸುರುವಾಗಿದ್ದು. ಮೊದ್‌ಮೊದ್ಲು ಕಷ್ಟ ಆಯ್ತಪ್ಪ. ನಮ್ಮಂಗಲ್ಲ, ಎಲ್ಲಾ ಉಲ್ಟಾ. ಈಗ ಒಗ್ಗೋಗದೆ."

"ಬುಟ್ಬುಡು."

"ಇಬ್ರು ಬುಡಾಕಿಲ್ಲ. ಏನಾದ್ರೂ ಮಾಡ್ಕೋ."

ನಮ್ಮಂತಲ್ಲ ಅಂದರೆ ಜಾತಿಯೂ ಬೇರೆ! ಅಂದಿನಿಂದ ಚಿಕ್ಕಸ್ವಾಮಿ ಸರಿಯಾಗಿ ಮುದ್ದೆ ಉಂಡಿರಲಿಲ್ಲ. ಊರಿಗೆ ಬಡಾಯಿ ಕೊಚ್ಚಿದ್ದು ಇದಕ್ಕಾ? ಅವನ ಭಾಮೈದ ರಂಗಸ್ವಾಮಿಗೆ ಇಷ್ಟೇ ಸಾಕಾಗಿತ್ತು. ನಾಗಮಂಗಲದ ಕಡೆ ಗಂಡು ನೋಡಿಟ್ಟಿದ್ದ. ಭಾನುವಾರ ಬರುತ್ತಾರೆ, ಕಾಲೇಜು ಬಿಡಿಸಿ ಮನೆಯಲ್ಲಿ ಕೂರಿಸು ಅಂದ. ಚಿಕ್ಕಸ್ವಾಮಿ ಹೂಂ ಅಂದಿದ್ದ. ಹೂಂ ಅಂದ ಮೇಲೂ ಹುಡುಗಿ ಹೀಗೆ ಬಸ್ಸು ಹತ್ತಿದ್ದಳು.

ಚಿಕ್ಕಸ್ವಾಮಿಯನ್ನು ಹಿಂದೆ ಕೂರಿಸಿಕೊಂಡ ರಂಗಸ್ವಾಮಿಯ ಎಂ-80 ಗಾಡಿ ಸದ್ದು ಮಾಡುತ್ತಾ ಕೇಂದ್ರದ ಮುಂದೆ ನಿಂತಾಗ ಒಳಗೆ ಪರೀಕ್ಷೆ ಶುರುವಾಗಿತ್ತು. ಉದ್ದನೆಯ ಕೋಣೆ, ಏಳೆಂಟು ಹುಡುಗ ಹುಡುಗಿಯರು. ಬಾಗಿಲಲ್ಲಿ ನಿಂತ ಚಿಕ್ಕಸ್ವಾಮಿ ಹುಡುಗರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಯಾವನಿರಬಹುದು? ಮೀಸೆಯವನಾ? ಕಿಟಕಿ ಪಕ್ಕದ ಬಡಕಲನಾ?

"ಎದ್ದೇಳಮ್ಮಿ ಮೇಲೆ!" ರಂಗಸ್ವಾಮಿ ಗುಡುಗಿದ. ಕನ್ನಡಕದ ಮೇಷ್ಟ್ರು ಅಡ್ಡ ಬಂದರು. ಅವರನ್ನು ಸರಿಸಿ ನಡೆದ.

ಚಿನ್ನು ತಲೆ ಎತ್ತಲಿಲ್ಲ. "ಒಡಿಯೋದಿದ್ರೆ ಬಾಗ್ಲಲ್ಲಿ ಕಾಯ್ಕಂಡಿರು ಮಾವ. ಬರ್ದು ಮುಗಿಸಿ ಬತ್ತೀನಿ, ಆಮೇಲೆ ಒಡೀವಂತೆ."

ರಂಗಸ್ವಾಮಿ ಅವಳ ಜಡೆಗೆ ಕೈ ಹಾಕಿ ಎಳೆದ. ಕತ್ತು ಹಿಂದಕ್ಕೆ ವಾಲಿತು, ಕಣ್ಣಲ್ಲಿ ನೀರು ಬಂತು, ಪೆನ್ನು ಮಾತ್ರ ಕಾಗದ ಬಿಡಲಿಲ್ಲ. ಕೋಣೆಯಲ್ಲಿದ್ದ ಹುಡುಗರಲ್ಲಿ ಒಬ್ಬನೂ ಎದ್ದು ಬರಲಿಲ್ಲ. ಇಂಥ ಪುಕ್ಕಲನನ್ನು ನಂಬಿಕೊಂಡು ಇವಳು ಅಪ್ಪನಿಗೆ ತಿರುಗಿ ಬಿದ್ದಳಾ? ಯಾರೂ ಇಲ್ಲದಿದ್ದರೆ ತಾನಿಲ್ಲವೆ? ಚಿಕ್ಕಸ್ವಾಮಿ ಎರಡೇ ಹೆಜ್ಜೆಗೆ ಹೋಗಿ ಭಾಮೈದನ ಮಣಿಕಟ್ಟು ಹಿಡಿದು ತಿರುವಿದ.

"ಕೈ ತೆಗೀಲಾ. ನಾನಿನ್ನೂ ಸತ್ತಿಲ್ಲ."

ದರದರ ಅವನನ್ನು ಅಂಗಳಕ್ಕೆ ಎಳೆದು ತಂದ.

"ನಾಗಮಂಗ್ಲದೋರ್ಗೆ ಬರ್‌ಬ್ಯಾಡಿ ಅಂತ ಏಳ್ಬುಡು."

"ಊರು ಮುಖಕ್ಕೆ ಉಗೀತದೆ ಭಾವ!"

"ಉಗೀಲಿ, ಒರೆಸ್ಕತೀನಿ. ಅವುಳ್ ಮೆಚ್ಚಿದೋನು ಯಾವ ಜಾತಿಯೋನಾರ ಆಗ್ಲಿ, ಅವ್ನಿಗೇ ಕೊಡ್ತೀನಿ. ಓದು ಮಾತ್ರ ನಿಲ್ಸಾಕಿಲ್ಲ. ಇದ್ನೂ ಅರಳೀಕಟ್ಟೇಲಿ ಡಂಗೂರ ಒಡ್ಕೋ ಓಗು."

ರಂಗಸ್ವಾಮಿ ಎಂ-80 ಒದ್ದು ಹೊರಟೇಹೋದ. ಚಿಕ್ಕಸ್ವಾಮಿ ಮೆಟ್ಟಿಲ ಮೇಲೆ ಕೂತ. ಎರಡು ದಿನದ ಮೇಲೆ ಉಸಿರು ಸರಾಗವಾಗಿ ಆಡಿತು.

ಗಂಟೆ ಹೊಡೆಯಿತು. ಉತ್ತರಪತ್ರಿಕೆಗಳನ್ನು ಎದೆಗವಚಿಕೊಂಡು ಮೇಷ್ಟ್ರು ಹೊರಗೆ ಬಂದರು. ಚಿಕ್ಕಸ್ವಾಮಿ ಎದ್ದು ಕೈ ಮುಗಿದ.

"ತಪ್ಪಾಯ್ತು ಸ್ವಾಮಿ. ನನ್ ಮಗ್ಳು ಚಿನ್ನು ಜೊತೆಗೆ ಆ ಇನ್ನೊಬ್ಬನ್ನೂ ವಸಿ ಕರೀರಿ. ನಾನೇನೂ ಮಾಡಾಕಿಲ್ಲ. ಮನೇಗೆ ಕರ್ಕೊಂಡೋಗಿ ಜೊತೇಲೇ ಕೂರಿಸಿ ಉಣ್ಣಕ್ಕಿಕ್ತೀನಿ."

"ಇನ್ನೊಬ್ಬನಾ? ಯಾರವನು?"

"ಇವತ್ತು ಇಬ್ರು ಪರೀಕ್ಷೆ ಅಂತ ಅವುಳೇ ಏಳ್ಬುಟ್ ಬಂದವ್ಳೆ ಸ್ವಾಮಿ. ಮುಚ್ಚಿಡಬ್ಯಾಡಿ."

ಮೇಷ್ಟ್ರು ಕನ್ನಡಕ ಮೇಲೇರಿಸಿ ಅವನನ್ನೇ ನೋಡಿದರು.

"ಮಿಕ್ಕವರು ಬರೆದದ್ದೆಲ್ಲ ಬೇರೆ ಪೇಪರು ಯಜಮಾನರೇ, ಹೀಬ್ರೂ ಭಾಷೆಗೆ ಕೂತವಳು ನಿಮ್ಮ ಮಗಳೊಬ್ಬಳೇ."