ಅಕ್ಕನ ಕೈತುತ್ತು

ಲಕ್ವ ಹೊಡೆದ ನಮ್ಮನೆಯವರ ನರಗಳು ಇನ್ನಷ್ಟು ಸಾಯದಂತೆ ಔಷಧಿ ಕೊಟ್ಟು, ಮಿದುಳಿಗೆ ಹೊಸ ನರವಾಗಿ ಬೆಳೆಯಬಲ್ಲ ಆಕರಕೋಶಗಳನ್ನು ಬಿಟ್ಟು, ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಔಷಧಿಯ ಸುಖದಲ್ಲಿ ಕೋಶಗಳು ನಿದ್ದೆ ಹೋಗುತ್ತವೆ, ರೋಗಿ ತಾನೇ ಒದ್ದಾಡಿದರೆ ಮಾತ್ರ ಏಳುತ್ತವೆ, ಶುಕ್ರವಾರದೊಳಗೆ ಏಳದಿದ್ದರೆ ಬಲಗೈ ಹೋದಂತೆಯೇ ಎಂದಿದ್ದರು. ಗುರುವಾರ ಮಧ್ಯಾಹ್ನವಾದರೂ, ಕೋಶ ಎದ್ದರೆ ಹೊತ್ತಲೆಂದು ಆಸ್ಪತ್ರೆಯವರು ಬಲ ಮಣಿಕಟ್ಟಿಗೆ ಕಟ್ಟಿದ್ದ ಪಟ್ಟಿಯ ಹಸಿರು ದೀಪ ಹೊತ್ತಿರಲಿಲ್ಲ.

ಹೊತ್ತುವುದಾದರೂ ಹೇಗೆ? ಇವರ ಅಕ್ಕ ಕೊಟ್ರಮ್ಮನವರು ಮತ್ತೆ ರೊಟ್ಟಿ ಮುರಿದು ಇವರ ಬಾಯಿಗಿಡುತ್ತಿದ್ದರು.

“ಅಕ್ಕಾರ, ಎಷ್ಟು ಸಲ ಹೇಳ್ಲಿ? ನೀವು ತಿನ್ಸಿದ್ರೆ ಆ ಕೋಶ ಏಳಂಗಿಲ್ಲ!”

“ಮಲಗ್ಲಿ ಬಿಡು. ನನ್ನ ತಮ್ಮ ಹಸ್ಕೊಂಡು ಕೂರ್ಬೇಕೇನು, ಕಟುಕಿ?”

“ಮೊನ್ನೆ ತಲೆ ಬಾಚಿದ್ರಿ, ನಿನ್ನೆ ಅಂಗಿ ಗುಂಡಿ ಹಾಕಿದ್ರಿ. ನಾಳೆ ಡಾಕ್ಟ್ರಿಗೆ ನಿಮ್ಮ ಕೈನೇ ತೋರ್ಸಿ ಬರ್ರಿ!”

“ನಲವತ್ತು ವರ್ಷದಾಗೆ ನೀನು ಒಂದು ತುತ್ತು ತಿನ್ಸೀಯೇನು ಇವನಿಗೆ?”

ಇಬ್ಬರ ದನಿಯೂ ಏರಿತು. ನಡುವೆ ಕೂತಿದ್ದ ಇವರು ಮುಖ ಸಿಂಡರಿಸಿ, ಎರಡೂ ಕೈ ಎತ್ತಿ ಕಿವಿ ಮುಚ್ಚಿಕೊಂಡರು.

ಎರಡೂ ಕೈ! ಬಲ ಮಣಿಕಟ್ಟಿನಲ್ಲಿ ಹಸಿರು ದೀಪ ಮಿಣುಕುತ್ತಿತ್ತು. ಕೊಟ್ರಮ್ಮನವರು ಜಗಳ ಬಿಟ್ಟು, ತುತ್ತು ಹಿಡಿದುಕೊಂಡೇ ದೀಪದತ್ತ ಬಾಗಿದರು.

“ನಿಲ್ಲಿಸ್ಬ್ಯಾಡ್ರಿ ಅಕ್ಕಾರ,” ಎಂದೆ. “ಬಯ್ರಿ ನನಗೆ, ಇನ್ನೊಂದಿಷ್ಟು ಬಯ್ರಿ!”