ಏರಿನಲ್ಲಿ ಸಿಗದ ನಾಡಿ

"ತುಳಿ! ಇನ್ನೂ ಬಗ್ಗಿ ತುಳಿ! ಏರು ಮುಗಿದಿಲ್ಲ!"

ಆಸ್ಪತ್ರೆಯ ಕೋಣೆಯಲ್ಲಿ ಏರೂ ಇರಲಿಲ್ಲ, ಇಳಿಜಾರೂ ಇರಲಿಲ್ಲ. ನೆಲಕ್ಕೆ ಬಿಗಿದ ಸೈಕಲ್ಲಿನ ಮೇಲೆ ಮಗಳು ಬೆವರು ಸುರಿಸುತ್ತಿದ್ದಳು. ಅವಳನ್ನು ದೂರದ ಸೈಕಲ್ ಪಂದ್ಯಗಳಿಗೆ ಪಳಗಿಸಿದವನು ಅಪ್ಪನೇ. ಅವಳು ತುಳಿಯುವಾಗ ಬಾಯಿಮುಚ್ಚಿ ನಿಲ್ಲುವುದು ಅವನ ಜಾಯಮಾನವಲ್ಲ.

"ಎಡಗಾಲು ಹೋಯ್ತಪ್ಪ."

"ನಾಟಕ ಬೇಡ."

ಒಂದು ವರ್ಷದಿಂದ ಇದೇ ಹಾಡು. ಜೋರಾಗಿ ಏರು ಹತ್ತುವಾಗ ತೊಡೆ ಉರಿದು, ಪಾದ ಮರಗಟ್ಟಿ, ಕಾಲು ಬೇರೆ ಯಾರದೋ ಅನ್ನಿಸುತ್ತಿತ್ತು. ತೋರಿಸಿದ ವೈದ್ಯರೆಲ್ಲ ಹಾಸಿಗೆ ಮೇಲೆ ಮಲಗಿಸಿ ನಾಡಿ ನೋಡಿ, "ಗುಂಡುಕಲ್ಲಿನ ಹಾಗಿದ್ದೀಯಮ್ಮ" ಎಂದು ಕಳಿಸಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಅಪ್ಪನಿಗೆ ಅಷ್ಟು ಸಾಕಾಯಿತು. ಸೋಮಾರಿತನ ಬಿಡಿಸುತ್ತೇನೆಂದು ಹ್ಯಾಂಡಲ್ಲನ್ನು ಇನ್ನಷ್ಟು ತಗ್ಗಿಸಿದ.

ಈ ಆಸ್ಪತ್ರೆಯ ವೈದ್ಯೆ ಮಾತ್ರ ತುಳಿಸಿ ನೋಡಿದರು. ಇಳಿಸಿದ ಕೂಡಲೇ ಎರಡೂ ಕಣಕಾಲಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆದರು. ಮತ್ತೆ ಅಪ್ಪನನ್ನು ಕರೆದು, "ನೀವೇ ಮುಟ್ಟಿ ನೋಡಿ" ಎಂದರು.

ಬಲಪಾದದಲ್ಲಿ ನಾಡಿ ಕುಣಿಯುತ್ತಿತ್ತು. ಎಡಪಾದ ಬಿಳಿಚಿಕೊಂಡು ತಣ್ಣಗಿತ್ತು. ಅಪ್ಪ ಬೆರಳನ್ನು ಅಲ್ಲಿಟ್ಟ, ಇಲ್ಲಿಟ್ಟ, ಉಸಿರು ಬಿಗಿಹಿಡಿದು ಕಾದ. ಏನೂ ಸಿಗಲಿಲ್ಲ. ಕೊನೆಗೂ ಯಾರೋ ನಂಬಿದರಲ್ಲ ಎಂದು ಮಗಳಿಗೆ ಅಳು ಬಂತು.

"ಬಗ್ಗಿ ತುಳಿದೂ ತುಳಿದೂ ತೊಡೆಸಂದಿನ ಹತ್ತಿರ ರಕ್ತನಾಳ ಮಡಚಿ, ಗೋಡೆ ದಪ್ಪಗಟ್ಟಿ, ದಾರಿ ಕಿರಿದಾಗಿದೆ. ಸುಮ್ಮನಿದ್ದಾಗ ಸಾಕಾಗುವಷ್ಟು ರಕ್ತ ಹೋಗುತ್ತೆ. ಶ್ರಮಪಟ್ಟಾಗ ಸಾಲಲ್ಲ. ಇನ್ನು ಪಂದ್ಯ ಬೇಡ" ಎಂದರು ವೈದ್ಯೆ.

"ಆಪರೇಷನ್ ಮಾಡಿದರೆ?" ಅಪ್ಪ ಕೇಳಿದ.

"ಮಾಡಬಹುದು. ಮತ್ತೆ ಹೀಗೇ ತುಳಿದರೆ ಮತ್ತೆ ಹೀಗೇ ಆಗಬಹುದು."

ಅಪ್ಪ ಮಗಳ ಕಡೆ ತಿರುಗಿದ. "ಇಷ್ಟು ಆಗಿದ್ರೂ ಬಾಯಿಬಿಟ್ಟು ಹೇಳಬಾರದಿತ್ತಾ?"

"ಪ್ರತಿ ಏರಲ್ಲೂ ಹೇಳಿದೆ. ನೀನು ಇನ್ನೂ ಬಗ್ಗು ಅಂದೆ."

ಅಪ್ಪ ಹಿಡಿದಿದ್ದ ಎಡಪಾದವನ್ನು ಬಿಡಲಿಲ್ಲ. ತುಸು ಹೊತ್ತಿಗೆ ಅವನ ಬೆರಳಡಿ ಏನೋ ಮಿಡಿಯಿತು.

"ಬಂತು! ನಾಡಿ ಬಂತು! ನೋಡು ಪುಟ್ಟಿ, ನಿನಗೇನೂ ಆಗಿಲ್ಲ. ನಡೀತೀಯ, ಓಡಾಡ್ತೀಯ, ಎಲ್ಲರ ಹಾಗೆ ಇರ್ತೀಯ."

ಮಗಳು ಪಾದ ಎಳೆದುಕೊಂಡಳು.

"ಎಲ್ಲರ ಹಾಗೆ ಇರೋದು ಹೇಗಪ್ಪ? ಅದೊಂದನ್ನ ನೀನು ಕಲಿಸಲೇ ಇಲ್ಲವಲ್ಲ."