ಹುಳುಗಳಿಗೆ ಹಚ್ಚಿದ ಹನಿ

ನೇಲ್ ಪಾಲಿಶ್ ಒರೆಸುವ ದ್ರವದ ವಾಸನೆ ಬಂದರೆ ಇಂದಿಗೂ ನನ್ನ ಮಣಿಕಟ್ಟು ತಣ್ಣಗಾಗುತ್ತದೆ.

ಅಮ್ಮ ವಡೋದರಾದ ಲ್ಯಾಬೊಂದರಲ್ಲಿ ಹುಳುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ರಜೆಯ ಒಂದು ಮಧ್ಯಾಹ್ನ ನಾನೂ ಅವಳ ಜೊತೆ ಅಲ್ಲಿದ್ದೆ; ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಹುಳುಗಳು ಹರಳೆಲೆ ಮೇಯುವ ಸದ್ದು, ದೂರದಲ್ಲಿ ಯಾರೋ ಕಾಗದ ಹರಿಯುತ್ತಿರುವಂತೆ ಕೇಳುತ್ತಿತ್ತು. ಅಮ್ಮ ಸಣ್ಣ ಕುಂಚದಿಂದ ಒಂದೊಂದರ ತಂಪು ಬೆನ್ನಿಗೂ ಹನಿ ಮುಟ್ಟಿಸುತ್ತಿದ್ದಳು.

"ಈ ಸೀಸೇಲಿ ಹಾರ್ಮೋನು ಇದೆ. ಇದು ಮೈಯಲ್ಲಿರೋವರೆಗೂ ಹುಳ ಮಗುವಾಗೇ ಇರುತ್ತೆ. ಗೂಡು ಕಟ್ಟಲ್ಲ, ರೆಕ್ಕೆ ಬರಲ್ಲ. ಆ ಸೀಸೇಲಿರೋದು ಬರೀ ಅಸಿಟೋನ್, ನೇಲ್ ಪಾಲಿಶ್ ಒರೆಸೋಕೆ ಬಳಸ್ತಾರಲ್ಲ, ಅದೇ; ಹೋಲಿಸಿ ನೋಡೋಕೆ. ಅದನ್ನ ಹಚ್ಚಿದ ಹುಳಗಳು ತಮ್ಮ ಪಾಡಿಗೆ ಬೆಳೀತವೆ."

ರಜೆ ಮುಗಿದ ಮೇಲೆ ನನ್ನನ್ನು ಮೈಸೂರಿನ ಹಾಸ್ಟೆಲಿಗೆ ಸೇರಿಸುವುದೆಂದು ಅಪ್ಪ ತೀರ್ಮಾನಿಸಿದ್ದರು. "ನೀನೀಗ ದೊಡ್ಡ ಹುಡುಗಿ ಕಣೇ" ಎಂದಿದ್ದರು.

ನನಗೂ ಹಚ್ಚೆಂದು ಅಮ್ಮನ ಮುಂದೆ ಕೈ ಚಾಚಿದೆ. "ಮಮ್ಮಿ, ನಂಗೂ ಲಗಾ ದೋ."

ಅಮ್ಮ ನಗಲಿಲ್ಲ. ಹೊಸ ಕುಂಚವೊಂದನ್ನು ತೆಗೆದುಕೊಂಡಳು. ಅದು ಹಾರ್ಮೋನಿನ ಸೀಸೆಯ ಬಾಯಿಯ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ ಪಕ್ಕದ ಸೀಸೆಗೆ ಇಳಿಯಿತು.